ಮಳೆ ಕೇಳಸ್ತದ, ಮಾತು ಕೇಳಸೂದಿಲ್ಲ

(ಭೋರ್ ಮತ್ತು ಸುತ್ತಲಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರ ಕೂಟದಲ್ಲಿ ನಮ್ಮ ಕನ್ನಡ ಅವಧಿಯ ಉದ್ಘೋಷಕಿ ಆಡಿದ ಮಾತುಗಳ ಬರಹರೂಪ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಕೊಡುತ್ತಿದ್ದೇವೆ.)



ದಿನಾಲೂ ಗಾಜಿನ ಕೋಣೆಯಲ್ಲಿ ಕುಳಿತು, ಎದುರಿಗೆ ಯಾರೂ ಇಲ್ಲದೆ ಮಾತಾಡುವವಳು ನಾನು. ಇವತ್ತು ಎದುರಿಗೆ ಇಷ್ಟು ಮುಖಗಳಿವೆ. ಸ್ವಲ್ಪ ಅಂಜಿಕೆಯೂ ಆಗುತ್ತಿದೆ, ಬಹಳ ಸಂತೋಷವೂ ಆಗುತ್ತಿದೆ.

ಪುಣೆಯಿಂದ ಎಸ್‌ಟಿ ಬಸ್ಸಿನಲ್ಲಿ ಬಂದೆ. ಕಾತ್ರಜ್ ದಾಟಿ, ಕಾಪೂರ್‌ಹೋಳದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಕೂಡಲೇ ಮಳೆ ಹಿಡಿಯಿತು. ನಿಮ್ಮ ಊರಿನ ಹೆಸರನ್ನು ಮರಾಠಿಯವರು ಹೇಗೆ ಕೇಳುತ್ತಾರೋ ನನಗೆ ಗೊತ್ತಿಲ್ಲ. ಕನ್ನಡದ ಕಿವಿಗಂತೂ ಅದು ಹೆಸರಲ್ಲ, ಸದ್ದು. ಭೋರ್! ಭೋರೆಂದು ಸುರಿಯುವ ಮಳೆ, ಭೋರ್ಗರೆಯುವ ನೀರು. ನೀರಾ ನದಿಯ ದಂಡೆ, ಸಹ್ಯಾದ್ರಿಯ ಮಗ್ಗುಲು, ಪಕ್ಕದಲ್ಲಿ ಭಾಟ್‌ಘರ್ ಅಣೆಕಟ್ಟು. ಇಂಥ ಊರಿಗೆ ಇದಕ್ಕಿಂತ ಒಪ್ಪುವ ಕನ್ನಡ ಹೆಸರು ಇನ್ನೊಂದು ಸಿಗಲಾರದು.

ಈ ಊರಿನ ಸಂಬಂಧ ನನಗೆ ಹೊಸದಲ್ಲ. ನನ್ನ ಸೋದರಮಾವ ಇಲ್ಲೇ ಇದ್ದಾರೆ. ವಿಜಾಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತವರು. ಮಗಳನ್ನು ಭೋರಿಗೆ ಕೊಟ್ಟಿದ್ದರಿಂದ ನಿವೃತ್ತಿಯಾದ ಮೇಲೆ ಇಲ್ಲಿಗೇ ಬಂದು ನೆಲೆಸಿದರು. ಇವತ್ತಿನ ನನ್ನ ಮಾತೆಲ್ಲ ಅವರಿಂದಲೇ ಶುರು. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅಗೋ, ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ.

ಕೆಲವು ವರ್ಷಗಳ ಹಿಂದೆ ಮಾಮಾ ಮಾತು ಕಡಿಮೆ ಮಾಡಿದರು. ಫೋನು ಮಾಡಿದರೆ 'ಹೂಂ, ಹೂಂ' ಎಂದು ಮಾಮಿಯ ಕೈಗೆ ಕೊಟ್ಟುಬಿಡುತ್ತಿದ್ದರು. ಮದುವೆ ಮುಂಜಿವೆಗಳಿಗೆ ಬರುವುದು ನಿಂತಿತು. ನನ್ನ ಕಾರ್ಯಕ್ರಮ ಬಂದಾಗ ರೇಡಿಯೋ ಹಚ್ಚುತ್ತಿದ್ದವರು ಅದನ್ನೂ ಬಿಟ್ಟರು. ನನಗೆ ಒಳಗೊಳಗೇ ಸಿಟ್ಟು. ಊರ ಮಂದಿಯೆಲ್ಲ ನನ್ನ ದನಿ ಕೇಳುತ್ತಾರೆ, ನನ್ನ ಮಾಮಾನೇ ಕೇಳುವುದಿಲ್ಲವಲ್ಲ ಎಂದು. ವಯಸ್ಸಾಯಿತು, ಸ್ವಭಾವ ಬದಲಾಯಿತು ಎಂದು ನಾವೆಲ್ಲ ನಮ್ಮ ನಮ್ಮಲ್ಲೇ ತೀರ್ಮಾನ ಮಾಡಿಬಿಟ್ಟೆವು.

ಒಂದು ಮಳೆಗಾಲದ ಮಧ್ಯಾಹ್ನ ನಾನು ಇಲ್ಲಿಗೆ ಬಂದಿದ್ದೆ. ಒಳಗಿನಿಂದ ಮಾಮಿ ಕೂಗಿದರು, "ಹಾಲು ಬೇಕಾಗೇದ ನೋಡ್ರಿ!" ಮಾಮಾ ಪೇಪರಿನಿಂದ ತಲೆಯೆತ್ತಿ, "ಸಾಲಾ? ಯಾರಿಗೆ ಬೇಕಾಗೇದ ಸಾಲಾ?" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಮಾ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ತಂಗೀ, ಮಳೆ ಕೇಳಸ್ತದ, ಮಾತು ಕೇಳಸೂದಿಲ್ಲ. ನೀವು ನಗತೀರಿ, ಯಾಕ ಅಂತ ಗೊತ್ತಾಗೂದಿಲ್ಲ."

ಆ ಮಾತು ನನಗೆ ನಾಟಿತು. ದನಿಯನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮ ಮಾತಿನಲ್ಲಿ ಸ್ವರಗಳು ದಪ್ಪ, ಗಟ್ಟಿ. ಸ, ತ, ಕ, ಪ ಇಂಥ ವ್ಯಂಜನಗಳು ತೆಳು, ಸಣ್ಣ. ವಯಸ್ಸಾದಂತೆ, ಅಥವಾ ವರ್ಷಗಟ್ಟಲೆ ಯಂತ್ರದ ಗದ್ದಲದಲ್ಲಿ ದುಡಿದಾಗ, ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣವಾದ ಸದ್ದುಗಳನ್ನು. ಆಗ ಹಾಲು, ಕಾಲು, ಪಾಲು, ಸಾಲು ಎಲ್ಲವೂ 'ಆಲು' ಆಗಿಬಿಡುತ್ತವೆ. ಭೋರೆಂಬ ಮಳೆ ಕೇಳುತ್ತದೆ, ಬಸ್ಸಿನ ಸದ್ದು ಕೇಳುತ್ತದೆ, ಮನುಷ್ಯ ಮಾತಾಡಿದ್ದೂ ಕೇಳುತ್ತದೆ. ಏನು ಮಾತಾಡಿದ ಎಂಬುದು ಮಾತ್ರ ತಿಳಿಯುವುದಿಲ್ಲ. ಇಂಥವರ ಮುಂದೆ ನಾವು ಕಿರುಚುತ್ತೇವೆ. ಕಿರುಚಿದರೆ ಹೆಚ್ಚುವುದು ಸ್ವರ. ವ್ಯಂಜನ ಅಲ್ಲೇ ಉಳಿಯುತ್ತದೆ. ಕೇಳುವವರಿಗೆ ನಮ್ಮ ಸಿಟ್ಟಷ್ಟೇ ಕಾಣುತ್ತದೆ.

ಅದಾದ ಮೇಲೆ ಕಿವಿ ಮಷೀನು ತಂದೆವು. ತಂದ ರೀತಿಯೂ ತಪ್ಪು. ಪರೀಕ್ಷೆಯಿಲ್ಲ, ಏನಿಲ್ಲ. ಒಂದು ಅಂಗಡಿಗೆ ಹೋಗಿ, 'ವಯಸ್ಸಾದವರಿಗೆ ಒಂದು ಕೊಡಿ' ಎಂದು ಚಪ್ಪಲಿ ಕೊಂಡ ಹಾಗೆ ಕೊಂಡು ತಂದೆವು. ಚಪ್ಪಲಿಯನ್ನಾದರೂ ಕಾಲಿಗೆ ಹಾಕಿ ನೋಡುತ್ತೇವೆ! ಮಾಮಾ ಎರಡು ದಿನ ಹಾಕಿಕೊಂಡರು. ಪಾತ್ರೆಯ ಸದ್ದು ಸಿಡಿಲಿನಂತೆ ಬಡಿಯಿತು, ಮಾತು ಅಷ್ಟಕ್ಕಷ್ಟೇ. ಮಷೀನು ಬಿಸ್ಕತ್ತಿನ ಡಬ್ಬಿ ಸೇರಿತು. ನಿಮ್ಮ ಮನೆಗಳಲ್ಲೂ ಇಂಥ ಡಬ್ಬಿ ಇರಬಹುದು. ಅದರೊಳಗೆ ಒಂದು ಕಿವಿ ಮಷೀನು, ಹಳೆಯ ಕನ್ನಡಕ, ಬೆಲ್ಟು, ಯಾರೋ ಕೊಟ್ಟ ಮೊಣಕಾಲ ಪಟ್ಟಿ.

ಆ ಡಬ್ಬಿ ಮತ್ತೆ ತೆರೆದದ್ದು ಒಂದು ಕೆಟ್ಟ ದಿನ. ಮಾಮಿ ಬಚ್ಚಲಲ್ಲಿ ಜಾರಿ ಬಿದ್ದರು. ಏಳಲಾಗಲಿಲ್ಲ. ಕೂಗಿದರು. ಮಾಮಾ ಹತ್ತು ಹೆಜ್ಜೆ ದೂರದಲ್ಲಿ, ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಪಕ್ಕದ ಮನೆಯವರು ಕೇಳಿ ಓಡಿಬಂದರು. ದೈವ ದೊಡ್ಡದು, ಎಲುಬು ಮುರಿದಿರಲಿಲ್ಲ. ನಾನು ಬಂದಾಗ ಮಾಮಾ ಒಂದೇ ಮಾತು ಹೇಳುತ್ತಿದ್ದರು: "ಆಕಿ ಕರದಾಳ. ನನಗ ಕೇಳಸಲಿಲ್ಲ."

ಬಂಧುಗಳೇ, ನೆರವಿನ ಸಾಧನ ಎಂದರೆ ಏನೋ ದೊಡ್ಡ ವಿಜ್ಞಾನ, ಅಂಗವಿಕಲರಿಗೆ ಮಾತ್ರ ಸಂಬಂಧಪಟ್ಟದ್ದು ಎಂದು ನಾವು ತಿಳಿದಿರುತ್ತೇವೆ. ಮೂಗಿನ ಮೇಲಿನ ಕನ್ನಡಕವೂ ನೆರವಿನ ಸಾಧನವೇ. ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ಕಣ್ಣು ಕಾಣದವರಿಗೆ, ಮನೆ ಬಿಟ್ಟು ಹೊರಡಲಾಗದವರಿಗೆ ರೇಡಿಯೋ ಎಷ್ಟು ದೊಡ್ಡ ಆಸರೆ ಎಂಬುದು ನಮಗೆ ಬರುವ ಪತ್ರಗಳಿಂದ ಗೊತ್ತು. ಕನ್ನಡಕಕ್ಕೆ ಇಲ್ಲದ ನಾಚಿಕೆ ಕೋಲಿಗೆ ಏಕೆ? ಕಿವಿ ಮಷೀನಿಗೆ ಏಕೆ? ಈ ಪ್ರಶ್ನೆ ನಿಮ್ಮಲ್ಲೇ ಇರಲಿ. ನಾನು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಕಿವಿ. ಮಷೀನು ಕೊಳ್ಳುವ ಮುನ್ನ ಕಿವಿ ಡಾಕ್ಟರಿಗೆ ತೋರಿಸಬೇಕು. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ! ಆಮೇಲೆ ಆಡಿಯಾಲಜಿಸ್ಟ್ ಹತ್ತಿರ ಪರೀಕ್ಷೆ. ಯಾವ ಸದ್ದು ಎಷ್ಟು ಕೇಳುತ್ತದೆ ಎಂಬ ನಕ್ಷೆ ಬರುತ್ತದೆ. ಆ ನಕ್ಷೆಗೆ ತಕ್ಕಂತೆ ಮಷೀನನ್ನು ಹೊಂದಿಸಬೇಕು. ಕಡಿಮೆಯಾದ ಸದ್ದನ್ನಷ್ಟೇ ಎತ್ತಿಕೊಡಬೇಕು. ಎಲ್ಲವನ್ನೂ ಎತ್ತಿದರೆ ಪಾತ್ರೆ ಸಿಡಿಲಾಗುತ್ತದೆ. ಈ ವಿದ್ಯೆಗೆಂದೇ ನಮ್ಮ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇತ್ತ ಮುಂಬಯಿಯಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ.

ಹೊಸ ಮಷೀನು ಬಂದ ಮೇಲೂ ತಾಳ್ಮೆ ಬೇಕು. ವರ್ಷಗಟ್ಟಲೆ ಕೆಲವು ಸದ್ದುಗಳನ್ನೇ ಮರೆತ ಮಿದುಳಿಗೆ ಅವನ್ನು ಮತ್ತೆ ಪರಿಚಯ ಮಾಡಿಕೊಡಬೇಕು. ಮೊದಲ ವಾರ ಮನೆಯೊಳಗೆ, ಒಬ್ಬರೇ ಮಾತಾಡುವಾಗ, ಒಂದೆರಡು ತಾಸು. ಸಂತೆಗೆ, ಮದುವೆಗೆ ಹಾಕಿಕೊಂಡು ಹೋಗುವುದು ಆಮೇಲೆ. ಅದರ ಸಣ್ಣ ಸೆಲ್ಲಿಗೆ ಒಂದು ಚೀಟಿ ಅಂಟಿರುತ್ತದೆ. ಅದು ಗಾಳಿಯಿಂದ ಕೆಲಸ ಮಾಡುವ ಜಿಂಕ್ ಸೆಲ್ಲು. ಚೀಟಿ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಒಳ್ಳೆಯದು. ಚೀಟಿ ಕಿತ್ತಿತೆಂದರೆ, ಬಳಸಲಿ ಬಿಡಲಿ, ಸೆಲ್ಲು ಸವೆಯುತ್ತದೆ. ಇನ್ನು ಭೋರಿನ ಮಳೆಗಾಲದ ತೇವ ಮಷೀನಿನ ಶತ್ರು. ರಾತ್ರಿ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಈ ಡಬ್ಬಿಗೂ ಆ ಬಿಸ್ಕತ್ತಿನ ಡಬ್ಬಿಗೂ ವ್ಯತ್ಯಾಸವಿದೆ. ಇದರಿಂದ ಬೆಳಿಗ್ಗೆ ಹೊರಗೆ ತೆಗೆಯುತ್ತೇವೆ.

ಮನೆಯವರ ಪಾಲಿನ ಕೆಲಸವೂ ಇದೆ. ಎದುರಿಗೆ ಬಂದು, ಮುಖದ ಮೇಲೆ ಬೆಳಕಿರುವಂತೆ ನಿಂತು, ನಿಧಾನವಾಗಿ ಮಾತಾಡಿ. ಅಡಿಗೆಮನೆಯಿಂದ ಕೂಗಬೇಡಿ. ತಿಳಿಯದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ. 'ಏನೂ ಇಲ್ಲ ಬಿಡ್ರಿ' ಎಂದು ಮಾತ್ರ ಅನ್ನಬೇಡಿ. ಮಾಮಾ ಹೇಳಿದ್ದು ಇದನ್ನೇ. ಆ ಒಂದು ಮಾತಿನಿಂದಲೇ ಮನುಷ್ಯ ಮನೆಯೊಳಗಿದ್ದೂ ಹೊರಗಾಗುತ್ತಾನೆ.

ಎರಡನೆಯದು ಕೋಲು. ಬಿದ್ದ ಮೇಲೆ ಮಾಮಿಗೆ ಎಡ ಮೊಣಕಾಲು ನೋವು. ಕೋಲು ಕೊಟ್ಟೆವು. ಅವರು ಎಡಗೈಯಲ್ಲೇ ಹಿಡಿದರು. ನೋವಿರುವ ಕಡೆಗೇ ಆಸರೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ತಪ್ಪಂತೆ. ನೋವಿನ ಕಾಲಿಗೆ ಎದುರಿನ ಕೈಯಲ್ಲಿ ಹಿಡಿಯಬೇಕು. ನೋವಿನ ಕಾಲೂ ಕೋಲೂ ಒಟ್ಟಿಗೆ ಮುಂದಕ್ಕೆ ಹೋಗಬೇಕು. ಆಗ ಭಾರ ಹಂಚಿಹೋಗುತ್ತದೆ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಕೆಳಗಿನ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಬೇಕು. ಬುಷ್ ಸವೆದ ಕೋಲು ಒದ್ದೆ ಫರಸಿಯ ಮೇಲೆ ಆಸರೆಯಲ್ಲ, ಅಪಾಯ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇಷ್ಟನ್ನು ಫಿಸಿಯೋಥೆರಪಿಯವರು ಹತ್ತು ನಿಮಿಷದಲ್ಲಿ ಕಲಿಸಿದರು. ಆ ಹತ್ತು ನಿಮಿಷವಿಲ್ಲದೆ ಕೋಲು ಬರೀ ಬಡಿಗೆ.

ಮೂರನೆಯದು ಮನೆ. ಮಾಮಿ ಬಿದ್ದ ಬಚ್ಚಲಲ್ಲಿ ಈಗ ಗೋಡೆಗೆ ಎರಡು ಗಟ್ಟಿ ಹಿಡಿಕೆಗಳಿವೆ. ಗಾರೆಯವನು ಅರ್ಧ ದಿನದಲ್ಲಿ ಹಾಕಿದ. ಜಾರದ ಚಾಪೆ ಇದೆ, ಕುಳಿತು ಸ್ನಾನ ಮಾಡಲು ಸ್ಟೂಲು ಇದೆ, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪವಿದೆ. ಒಳಗೆ ಕೈಗೆಟಕುವಷ್ಟು ಕೆಳಗೆ ಒಂದು ಕರೆಗಂಟೆಯ ಗುಂಡಿ. ಬಿದ್ದರೂ ಒತ್ತಬಹುದು. ಒತ್ತಿದರೆ ಪಡಸಾಲೆಯಲ್ಲಿ ಸದ್ದೂ ಆಗುತ್ತದೆ, ದೀಪವೂ ಮಿನುಗುತ್ತದೆ. ಮಾಮಾನ ಕಿವಿಗೆ ಕೇಳದಿದ್ದರೂ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ವಿದೇಶದಿಂದ ತರಿಸಿದ್ದು ಒಂದೂ ಇಲ್ಲ. ಮನೆಯಲ್ಲಿ ಗಾಲಿಕುರ್ಚಿ ಇದ್ದವರು ಒಂದು ಲೆಕ್ಕ ನೆನಪಿಡಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ನಿಲ್ಲಿಸುವುದು, ನೂಕುವುದು ಎರಡೂ ಕಷ್ಟ.

ನಾಲ್ಕನೆಯದು ಕಣ್ಣು. ಕುರುಡು ಎಂದ ಕೂಡಲೇ ಕತ್ತಲೆ ಎನ್ನುವವರಿಗೆ ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಬೇಕು. ಪಂಡಿತ ಪಂಚಾಕ್ಷರಿ ಗವಾಯಿಗಳು, 2010ರವರೆಗೆ ನಮ್ಮೊಡನಿದ್ದ ಪುಟ್ಟರಾಜ ಗವಾಯಿಗಳು, ಗುರುಶಿಷ್ಯರಿಬ್ಬರಿಗೂ ಕಣ್ಣಿರಲಿಲ್ಲ. ಎಷ್ಟು ಮಕ್ಕಳಿಗೆ ಅನ್ನ, ಅರಿವು, ಸಂಗೀತ ಕೊಟ್ಟರು! ಆರು ಚುಕ್ಕೆಗಳ ಬ್ರೈಲ್ ಲಿಪಿ ನಮ್ಮ ಭಾಷೆಗಳಿಗೆಲ್ಲ ಒಂದೇ ಆಗಿ 'ಭಾರತಿ ಬ್ರೈಲ್' ಎಂದು 1951ರಲ್ಲಿ ರೂಪುಗೊಂಡಿತು. ಕನ್ನಡದ ಕ, ಮರಾಠಿಯ ಕ, ಎರಡಕ್ಕೂ ಅವೇ ಎರಡು ಚುಕ್ಕೆಗಳು. ಬೆರಳ ತುದಿಯಲ್ಲಿ ಗಡಿ ತಂಟೆ ಇಲ್ಲ ನೋಡಿ.

ಇಂದು ನಿಮ್ಮ ಜೇಬಿನ ಫೋನೇ ಓದಿ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಬೆರಳು ಮುಟ್ಟಿದ್ದನ್ನು ಓದುತ್ತದೆ. ಕಣ್ಣು ಮಂದವಾದವರಿಗೆ ಅಕ್ಷರ ದೊಡ್ಡದು ಮಾಡುವ ವ್ಯವಸ್ಥೆಯಿದೆ. ಮಾತನ್ನು ಅಕ್ಷರವಾಗಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂತು. ಕಿವಿ ಕೇಳದವರ ಮುಂದೆ ಫೋನು ಹಿಡಿದು ಕನ್ನಡದಲ್ಲೇ ಮಾತಾಡಬಹುದು. ತಪ್ಪು ಬರೆಯುತ್ತದೆ, ನಗೆ ಬರಿಸುತ್ತದೆ, ಆದರೂ ಕೆಲಸ ನಡೆಯುತ್ತದೆ. ಕಂಪ್ಯೂಟರ್ ಬಳಸುವ ಅಂಧರಿಗಾಗಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್, 2006ರಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಶುರುಮಾಡಿದರು. ಅದು ಇವತ್ತಿಗೂ ಪುಕ್ಕಟೆ. ಕನ್ನಡವನ್ನೂ ಓದುತ್ತದೆ.

ಆದರೆ ಎಲ್ಲವನ್ನೂ ಸಾಧನದ ಮೇಲೆ ಹಾಕಿ ಸಮಾಜ ಕೈತೊಳೆದುಕೊಳ್ಳಬಾರದು. ಒಂದು ಉದಾಹರಣೆ. 2016ರ ನಂತರ ಬಂದ ಹೊಸ ನೋಟುಗಳನ್ನು ಮುಟ್ಟಿ ನೋಡಿ. 500ರ ನೋಟು 150 ಮಿಲಿಮೀಟರ್ ಉದ್ದ, 200ರದು 146, 100ರದು 142. ಅಗಲ ಮೂರಕ್ಕೂ ಒಂದೇ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಅಂಧನೊಬ್ಬ ಬೆರಳಿನಿಂದ ಅಳೆಯಬೇಕು! ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನಿಜ. ನೋಟು ಹಳತಾದಂತೆ ಅವೂ ಸವೆಯುತ್ತವೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕು 2020ರಲ್ಲಿ 'ಮಣಿ' ಎಂಬ ಆ್ಯಪ್ ತಂದಿತು. ಒಳ್ಳೆಯದೇ. ಆದರೆ ನೋಟಿನಲ್ಲೇ ಇರಬೇಕಾದ ಅನುಕೂಲವನ್ನು ಫೋನಿನಲ್ಲಿ ಹುಡುಕುವ ಹಾಗಾಯಿತು. ಫೋನು ಇಲ್ಲದವನು ಏನು ಮಾಡಬೇಕು?

ಸಾಧನ ಎಂದರೆ ನಮ್ಮ ಬದುಕಿಗೆ ಹೊಂದಬೇಕು. ಈ ಮಾತಿಗೆ ಜೈಪುರ ಪಾದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ವಿದೇಶಿ ಕೃತಕ ಪಾದಕ್ಕೆ ಬೂಟು ಬೇಕು. ನಾವೋ ನೆಲದ ಮೇಲೆ ಕೂರುವವರು, ಕುಕ್ಕರಗಾಲಲ್ಲಿ ಕೂರುವವರು, ಬರಿಗಾಲಲ್ಲಿ ಕೆಸರು ಗದ್ದೆಗೆ ಇಳಿಯುವವರು. 1968ರಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ, ಡಾ. ಪಿ. ಕೆ. ಸೇಠಿ ಎಂಬ ವೈದ್ಯರು ಸೇರಿ ರಬ್ಬರಿನ ಪಾದ ಮಾಡಿದರು. ನಮ್ಮ ಪುಣೆಯಲ್ಲೂ ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ 1944ರಲ್ಲಿ ಶುರುವಾದ ಕೃತಕ ಅಂಗ ಕೇಂದ್ರವಿದೆ. ಭೋರಿನ ಭತ್ತದ ಗದ್ದೆಗೆ ಇಳಿಯುವವನಿಗೆ ಗದ್ದೆಗಿಳಿಯುವ ಪಾದವೇ ಬೇಕು. ಹೊಳೆಯುವ ಬೂಟಿನ ಪಾದ ಅಟ್ಟ ಸೇರುತ್ತದೆ.

ಇನ್ನು ಹಣದ ಮಾತು. 'ಇವೆಲ್ಲ ಉಳ್ಳವರ ಮಾತು ತಂಗೀ' ಎಂದು ಕೆಲವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರಬಹುದು. ಬರೆದುಕೊಳ್ಳುವವರು ಬರೆದುಕೊಳ್ಳಿ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು. ಹಿಂದಿನ 1995ರ ಕಾಯ್ದೆಗಿಂತ ಹೆಚ್ಚಾಗಿ 21 ಬಗೆಯ ವೈಕಲ್ಯಗಳು ಅದರಲ್ಲಿವೆ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು. ಈಗ ಅದು ಯುಡಿಐಡಿ ಕಾರ್ಡಿನ ರೂಪದಲ್ಲಿ ಸಿಗುತ್ತದೆ, ದೇಶದೆಲ್ಲೆಡೆ ನಡೆಯುತ್ತದೆ. ಕರ್ನಾಟಕದಲ್ಲಿ ಮಾಡಿಸಿದ್ದು ಇಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರ್ಜಿ ಆನ್‌ಲೈನಿನಲ್ಲಿ, ತಪಾಸಣೆ ಸರಕಾರಿ ಆಸ್ಪತ್ರೆಯಲ್ಲಿ. ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದ ಅಲಿಮ್ಕೋ ಎಂಬ ಸರಕಾರಿ ಕಾರ್ಖಾನೆ ಗಾಲಿಕುರ್ಚಿ, ಕೋಲು, ತ್ರಿಚಕ್ರ ಸೈಕಲ್, ಕಿವಿ ಮಷೀನು ಒದಗಿಸುತ್ತದೆ.

ಅಂಗವಿಕಲರಲ್ಲ, ಬರೀ ವಯಸ್ಸಾಗಿದೆ ಎನ್ನುವವರಿಗೂ ದಾರಿಯಿದೆ. ಆದಾಯ ಕಡಿಮೆಯಿರುವ 60 ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್, ಕಿವಿ ಮಷೀನು, ಕನ್ನಡಕ, ಹಲ್ಲಿನ ಸೆಟ್ಟು, ಗಾಲಿಕುರ್ಚಿ ಶಿಬಿರಗಳ ಮೂಲಕ ಉಚಿತ. ಮಹಾರಾಷ್ಟ್ರ ಸರಕಾರ 2024ರಲ್ಲಿ ಮುಖ್ಯಮಂತ್ರಿ ವಯೋಶ್ರೀ ಯೋಜನೆ ತಂದಿತು. 65 ದಾಟಿದ, ಕುಟುಂಬದ ವರ್ಷದ ಆದಾಯ ಎರಡು ಲಕ್ಷದೊಳಗಿರುವವರಿಗೆ ಸಾಧನ ಕೊಳ್ಳಲು ಒಂದು ಸಲ 3,000 ರೂಪಾಯಿ ಖಾತೆಗೆ ಕೊಡುವ ಯೋಜನೆ ಅದು. ಇಲ್ಲಿಯ ಗ್ರಾಮ ಪಂಚಾಯಿತಿ, ನಗರಪರಿಷತ್ತುಗಳು ಸ್ವಂತ ಆದಾಯದ ಶೇ. 5ರಷ್ಟನ್ನು ದಿವ್ಯಾಂಗರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು 'ಆ ಐದು ಪರ್ಸೆಂಟು ಎಲ್ಲಿ ಹೋಯಿತು?' ಎಂದು ಕೇಳುವ ಹಕ್ಕು ನಿಮಗಿದೆ. ಮರಾಠಿ ಬಾರದಿದ್ದರೆ ಕನ್ನಡದಲ್ಲಿ ಕೇಳಿ, ಪಕ್ಕದವರು ಅನುವಾದ ಮಾಡುತ್ತಾರೆ! ಹಿರಿಯರ ಸಹಾಯವಾಣಿ 14567. ನಿಯಮ, ಆದಾಯದ ಮಿತಿ ಆಗಾಗ ಬದಲಾಗುತ್ತವೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಪುಣೆಗೆ ಹೋಗಬೇಕಾದರೆ 75 ದಾಟಿದವರಿಗೆ 2022ರಿಂದ ಎಸ್‌ಟಿ ಪ್ರಯಾಣವೂ ಉಚಿತ.

ಇಷ್ಟೆಲ್ಲ ಹೇಳಿದರೂ ಒಂದು ಅಡ್ಡಿ ಉಳಿಯುತ್ತದೆ. ಅದು ಯಾವ ಕಚೇರಿಯಲ್ಲೂ ಇಲ್ಲ, ನಮ್ಮ ಮನೆಯಲ್ಲೇ ಇದೆ. 'ಕೋಲು ಹಿಡಿದರೆ ಮುದುಕ ಅಂತಾರ.' 'ಮಷೀನು ಹಾಕಿದರೆ ಕಿವುಡ ಅಂತಾರ.' ಮಾಮಾನನ್ನು ನಾನೇ ಕೇಳಿದೆ, ಈಗ ಹೇಗೆ ಒಪ್ಪಿದಿರಿ ಎಂದು. ಅವರು ಹೇಳಿದರು: "ಮಂದಿ ಕಿವುಡ ಅಂತಾರ ಅಂತ ಅಂಜಿ ಕುಂತಿದ್ದೆ. ಆಕಿ ಬಿದ್ದ ದಿವಸ ತಿಳೀತು ನೋಡು. ಮಂದಿ ಅಂದದ್ದಂತೂ ನನಗ ಕೇಳಸೂದಿಲ್ಲ. ಆಕಿ ಕರದದ್ದು ಕೇಳಸಬೇಕು."

ಎರಡನೆಯ ಸಲ ಸರಿಯಾಗಿ ಪರೀಕ್ಷೆ ಮಾಡಿಸಿ ತಂದ ಮಷೀನಿಗೆ ಹೊಂದಿಕೊಳ್ಳಲು ಅವರಿಗೆ ಎರಡು ತಿಂಗಳು ಬೇಕಾಯಿತು. ಈಗಲೂ ಗದ್ದಲದಲ್ಲಿ ಕಷ್ಟಪಡುತ್ತಾರೆ. ಹೋದ ಕಿವಿ ಹೋಯಿತು, ಮಷೀನು ಅದನ್ನು ಮರಳಿ ಕೊಡುವುದಿಲ್ಲ. ಆದರೆ ಮಾಮಿ ಹಾಲು ಎಂದರೆ ಹಾಲೇ ಬರುತ್ತದೆ. ಕಳೆದ ತಿಂಗಳು ಕಾರ್ಯಕ್ರಮ ಮುಗಿಸಿ ಹೊರಬಂದಾಗ ನನ್ನ ಫೋನು ಬಡಿಯಿತು. ಬಹಳ ವರ್ಷಗಳ ಮೇಲೆ ಮಾಮಾ ತಾವಾಗಿ ಮಾಡಿದ್ದರು. "ತಂಗೀ, ಇವತ್ತ ನೀ ಬಾಳ ಅವಸರ ಮಾಡಿದಿ. ಕಡೀಕಿನ ವಾಕ್ಯ ನುಂಗಿದಿ" ಎಂದರು. ಹದಿನೈದು ವರ್ಷದ ನನ್ನ ಕೆಲಸದಲ್ಲಿ ಇಷ್ಟು ಸಂತೋಷ ಕೊಟ್ಟ ಟೀಕೆ ಮತ್ತೊಂದಿಲ್ಲ.

ಹಾಗಾಗಿ ಇವತ್ತು ಅವಸರ ಮಾಡದೆ ಕಡೆಯ ವಾಕ್ಯ ಹೇಳುತ್ತೇನೆ. ಮನೆಗೆ ಹೋಗಿ ಆ ಡಬ್ಬಿ ತೆರೆಯಿರಿ. ಅದರಲ್ಲಿ ಏನಿದೆ, ಏಕೆ ಅಲ್ಲಿಗೆ ಹೋಯಿತು, ಸರಿಪಡಿಸಲು ಬರುತ್ತದೆಯೇ ಎಂದು ಮನೆಮಂದಿಯೆಲ್ಲ ಕೂತು ನೋಡಿ. ಮತ್ತೆ ಮನೆಯ ಮೂಲೆಯಲ್ಲಿ ಯಾರಾದರೂ ಸುಮ್ಮನೆ ಕುಳಿತಿದ್ದರೆ, ಸಿಟ್ಟಿನಿಂದ ಕುಳಿತಿದ್ದಾರೆ ಎಂದುಕೊಳ್ಳುವ ಮೊದಲು ಎದುರಿಗೆ ಹೋಗಿ, ಬೆಳಕಿನಲ್ಲಿ ನಿಂತು, ನಿಧಾನವಾಗಿ ಒಂದು ಮಾತು ಆಡಿ.